ನಾಲ್ಕು ತಂಬಿಗಿಯ ಇಂಗಾಲ

ನರಗುಂದದಲ್ಲಿ ಪ್ರಾಣೇಶನಿಗೆ ಗೊತ್ತಿಲ್ಲದ ವಿಷಯ ಒಂದೂ ಇರಲಿಲ್ಲ. ಇದು ಊರವರ ಮಾತಲ್ಲ, ಪ್ರಾಣೇಶನದೇ ಮಾತು. ಹದಿನಾಲ್ಕು ವರ್ಷದಿಂದ ತಾಲೂಕು ಕಚೇರಿಯ ಎದುರಿಗೆ ಅವನ ಝೆರಾಕ್ಸ್ ಅಂಗಡಿ. ಹೊಲದ ಪಹಣಿ ಉತಾರದಿಂದ ಹಿಡಿದು ಎಂ.ಎಸ್ಸಿ. ನೋಟ್ಸಿನ ತನಕ ಲಕ್ಷಗಟ್ಟಲೆ ಹಾಳೆಗಳು ಬಿಸಿಬಿಸಿಯಾಗಿ ಅವನ ಅಂಗೈಯ ಮೇಲೇ ಬಿದ್ದಿದ್ದವು. ಹಾಳೆಗಳನ್ನು ತಟ್ಟಿ ಜೋಡಿಸುವಾಗ ಮೇಲಿನ ಎರಡು ಸಾಲು, ಕೆಳಗಿನ ಒಂದು ಸಾಲು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಹೀಗಾಗಿ ಜಗತ್ತಿನ ಸಕಲ ಶಾಸ್ತ್ರಗಳ ಮೇಲಿನೆರಡು ಸಾಲೂ ಕೆಳಗಿನೊಂದು ಸಾಲೂ ಅವನಿಗೆ ಬಾಯಿಪಾಠವಾಗಿದ್ದವು. ನಡುವೆ ಏನಿರುತ್ತದೆ ಎಂದು ಅವನನ್ನು ಇಲ್ಲಿಯ ತನಕ ಯಾರೂ ಕೇಳಿರಲಿಲ್ಲ.

ಕೇಳಬಹುದಾದವಳು ಒಬ್ಬಳು ಅವನ ಮನೆಯಲ್ಲೇ ಇದ್ದಳು. ಆದರೆ ಅವಳು ಯಾರನ್ನೂ ಏನೂ ಕೇಳುವ ಪೈಕಿಯಲ್ಲ. ರೋಣದಲ್ಲಿರುವ ಅಕ್ಕ ಕಾಶಿಬಾಯಿಯ ಮಗಳು ಪ್ರಣೀತಾ, ಬಿ.ಎಸ್ಸಿ. ಮೊದಲ ವರ್ಷ ಓದಲಿಕ್ಕೆಂದು ಸೋದರಮಾವನ ಮನೆಯಲ್ಲಿ ಇದ್ದಳು. ವಯಸ್ಸು ಹದಿನೇಳು ತುಂಬಿ, ಹದಿನೆಂಟಕ್ಕೆ ಹನ್ನೊಂದು ದಿನ ಕಡಿಮೆ. ನಾಚಿಕೆ ಎಂಥದೆಂದರೆ, ಒಮ್ಮೆ ರೋಣದಿಂದ ಬರುವಾಗ ಬಸ್ಸಿನ ಕಿಟಕಿ ಪಕ್ಕ ಕೂತವಳು, ಬದಿಗೆ ಕೂತವರಿಗೆ 'ಸ್ವಲ್ಪ ಸರೀರಿ' ಅನ್ನಲಾರದೆ ನರಗುಂದ ದಾಟಿ ನವಲಗುಂದ ನೋಡಿ ಬಂದಿದ್ದಳು. ಮನಸ್ಸಿನಲ್ಲಿದ್ದುದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಆ ನೋಟುಬುಕ್ಕೊಂದೇ ಪ್ರಾಣೇಶನ ಮಶೀನಿನ ಕೆಳಗೆ ಇನ್ನೂ ಹೋಗಿರಲಿಲ್ಲ.

ಸೋಮವಾರ ಅವಳದು ಜೀವರಸಾಯನದ ಸೆಮಿನಾರು. ಇಂಗಾಲ ನಾಲ್ಕು ಬಂಧಗಳನ್ನು ಹೇಗೆ ಮಾಡಿಕೊಳ್ಳುತ್ತದೆ, ಎಲೆಕ್ಟ್ರಾನುಗಳಿರುವ ಅದರ ಕಕ್ಷಕಗಳು ಹೇಗೆ ಬೆರೆತು ಒಂದೇ ಸಮ ಆಗುತ್ತವೆ ಎಂದು ಹದಿನೈದು ನಿಮಿಷ ಎಲ್ಲರ ಮುಂದೆ ನಿಂತು ಹೇಳಬೇಕು. ಎರಡು ಸಲ ನಿಂತಿದ್ದಳು. ಎರಡು ಸಲವೂ ಬೋರ್ಡಿನ ಮೇಲೆ ಇಂಗಾಲದ ಹೆಸರು ಬರೆದು, ಅದನ್ನೇ ನೋಡುತ್ತ ನಿಂತು, ಬಂದು ಕೂತಿದ್ದಳು. ಮೂರನೇದು ಕಡೆಯದೆಂದು ಕಾಲೇಜಿನ ಮೇಡಂ ಹೇಳಿದ್ದರು. ಅದಕ್ಕಿಂತ ದೊಡ್ಡ ಮಾತು ಹೇಳಿದವರು ಅಪ್ಪ ದತ್ತಾತ್ರೇಯ ಮಾಸ್ತರರು. ರೋಣದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಅವರಿಗೆ, ಗಜೇಂದ್ರಗಡದ ಸೀರೆ ಅಂಗಡಿಯವರೊಬ್ಬರು ಹುಡುಗಿಯನ್ನು ಕೇಳಿ ಹೇಳಿಕಳಿಸಿದ್ದರು. ಸೋಮವಾರ ಸಂಜೆ ತಿಳಿಸುತ್ತೇನೆಂದು ಮಾಸ್ತರರು ಗಡುವು ತೊಗೊಂಡಿದ್ದರು. ಹುಡುಗಿ ಬಾಯಿ ಬಿಟ್ಟರೆ ಕಾಲೇಜು, ಬಿಡದಿದ್ದರೆ ಗಜೇಂದ್ರಗಡ.

ಶನಿವಾರ ಸಂಜೆ ಪ್ರಣೀತಾ ನೋಟ್ಸಿನ ಮೇಲೆ ಎರಡು ಹನಿ ಕಣ್ಣೀರು ಉದುರಿಸಿದ್ದು ಪ್ರಾಣೇಶನ ಕಣ್ಣಿಗೆ ಬಿತ್ತು. ಶಾಯಿ ಹರಡಿದರೆ ಪ್ರತಿ ಚಲೋ ಬರುವುದಿಲ್ಲವೆಂದು ಅವನು ಮೊದಲು ಹಾಳೆ ಎಳೆದುಕೊಂಡ. ಆಮೇಲೆ ಓದಿದ. ಮೇಲಿನ ಎರಡು ಸಾಲಿನಲ್ಲಿ ಇಂಗಾಲಕ್ಕೆ ನಾಲ್ಕು ಬಂಧ ಎಂದಿತ್ತು. ಕೆಳಗಿನ ಸಾಲಿನಲ್ಲಿ ಚಿತ್ರ ನೋಡಿ ಎಂದಿತ್ತು. ಚಿತ್ರದಲ್ಲಿ ನಡುವೆ ಒಂದು ಇಂಗಾಲ, ನಾಲ್ಕು ದಿಕ್ಕಿಗೆ ನಾಲ್ಕು ಹೈಡ್ರೋಜನ್, ನಡುನಡುವೆ ಗೆರೆ.

"ಇಷ್ಟ ಏನು?" ಅಂದ ಪ್ರಾಣೇಶ. "ಇದು ಸುರಗಿ ಅಲ್ಲೇನ?"

ಸುರಗಿ ಎಂದರೆ ಲಗ್ನದ ಮನೆಯ ಶಾಸ್ತ್ರ. ನಾಲ್ಕು ಮೂಲೆಗೆ ನೀರು ತುಂಬಿದ ನಾಲ್ಕು ತಂಬಿಗೆ ಇಟ್ಟು, ಸುತ್ತಲೂ ಹಸಿ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂಡಿಸಿ ಅರಿಶಿಣ ಹಚ್ಚಿ ನೀರು ಹಾಕುತ್ತಾರೆ. ಪ್ರಾಣೇಶನೂ ಹನ್ನೆರಡು ವರ್ಷದ ಹಿಂದೆ ಅದರ ನಡುವೆ ನಡುಗುತ್ತ ಕೂತವನೇ. ಅವತ್ತು ತಾನು ಇಂಗಾಲವಾಗಿದ್ದೆ ಎಂದು ಈಗ ಹೊಳೆದು ಅವನಿಗೆ ಎದೆಯುಬ್ಬಿತು. ಪ್ರಣೀತಾಳನ್ನು ನಾಲ್ಕು ತಂಬಿಗೆಯ ನಡುವೆ ಕೂಡಿಸಿದರೆ ಇಂಗಾಲ ಮೈಗೆ ಹತ್ತುತ್ತದೆ, ಮೈಗೆ ಹತ್ತಿದ್ದು ಬಾಯಿಗೆ ಬರದೇ ಎಲ್ಲಿ ಹೋದೀತು ಎಂದು ಅವನ ಲೆಕ್ಕ. ಪ್ರಣೀತಾ ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಪ್ರಾಣೇಶ ಅದನ್ನು ಒಪ್ಪಿಗೆ ಎಂದು ತಿಳಿದ.

ಮನೆಯಲ್ಲಿ ಇದ್ದವು ಸ್ಟೀಲಿನ ತಂಬಿಗೆ, ಅವೂ ಒಂದಕ್ಕೊಂದು ಹೋಲದವು. ನಾಲ್ಕು ಹೈಡ್ರೋಜನ್ ಒಂದೇ ಸಮ ಇರಬೇಕಲ್ಲ. ಪಕ್ಕದ ಮನೆ ಹುಚ್ಚವ್ವನ ಹತ್ತಿರ ಒಂದೇ ನಮೂನೆಯ ಹಿತ್ತಾಳೆಯ ನಾಲ್ಕು ತಂಬಿಗೆ ಇದ್ದವು. ಚಿಕ್ಕನರಗುಂದದ ತವರಿನಿಂದ ಆಕೆಯ ಲಗ್ನಕ್ಕೆ ಬಂದವು. ನಲವತ್ತು ವರ್ಷದಲ್ಲಿ ಅವು ಸುರಗಿಗೆ ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಆಕೆಯ ಹೊಸ್ತಿಲು ದಾಟಿರಲಿಲ್ಲ.

"ಎದಕ್ರಿ ಪ್ರಾಣೇಶಣ್ಣಾರ, ನಾಕೂ?" ಎಂದಳು ಹುಚ್ಚವ್ವ.

ಪ್ರಾಣೇಶ ಗುಟ್ಟು ಬಿಡುವವನಲ್ಲ. ಹದಿನಾಲ್ಕು ವರ್ಷ ಝೆರಾಕ್ಸ್ ಮಾಡಿದವನಿಗೆ, ಒಂದು ಪ್ರತಿ ಹೊರಬಿದ್ದರೆ ಸಂಜೆಗೆ ನೂರಾಗುತ್ತವೆ ಎಂಬುದು ಯಾರೂ ಕಲಿಸಬೇಕಾದ ಪಾಠವಲ್ಲ. ತಂಬಿಗೆಯ ಯುಕ್ತಿಯನ್ನು ಕಾಲೇಜಿನ ಬೇರೆ ಹುಡುಗರು ಹೊಡೆದುಕೊಂಡರೆ?

"ನಮ್ಮ ಹುಡುಗಿದೊಂದು ಕೆಲಸ ಅದ. ನಾಳೆ ಮುಂಜಾನೆ ಮನ್ಯಾಗ ಒಂದೀಟು ತಯಾರಿ. ಯಾರ ಮುಂದೂ ಹೇಳಬ್ಯಾಡ್ರಿ," ಎಂದು ದನಿ ತಗ್ಗಿಸಿ ಹೇಳಿದ.

ಹುಚ್ಚವ್ವ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. "ನಾ ಯಾಕ ಹೇಳ್ಲಿರಿ," ಎಂದಳು. "ಹಸಿ ನೂಲು ಐತ್ಯೋ, ಅದನ್ನೂ ಕೊಡ್ಲ್ಯೋ?"

ಇಷ್ಟು ತಿಳಿದ ನೆರೆಮನೆಯವರು ಸಿಗುವುದು ಪುಣ್ಯ ಎಂದುಕೊಂಡು ಪ್ರಾಣೇಶ ನೂಲಿನ ಉಂಡೆಯನ್ನೂ ತಂದ.

ಹುಚ್ಚವ್ವ ಕೊಟ್ಟ ಮಾತಿಗೆ ತಪ್ಪಲಿಲ್ಲ. ಯಾರ ಮುಂದೂ ಹೇಳಲಿಲ್ಲ. ಫೋನಿನಲ್ಲಿ ಮುಂದೆ ಯಾರೂ ಇರುವುದಿಲ್ಲ. ರೋಣದ ಹತ್ತಿರದ ಸವಡಿಗೆ ಕೊಟ್ಟ ಮಗಳಿಗೆ ಹೇಳಿದಳು, ಅಷ್ಟೇ. ಪ್ರತಿಯ ಪ್ರತಿ, ಅದರ ಪ್ರತಿ ತೆಗೆಯುತ್ತ ಹೋದರೆ ಅಕ್ಷರ ಮಸುಕಾಗುತ್ತದೆ, ಇದು ಪ್ರಾಣೇಶನ ಅನುಭವ. ಸುದ್ದಿಯದು ತಿರುವುಮುರುವು, ಪ್ರತಿಯಿಂದ ಪ್ರತಿಗೆ ಅಕ್ಷರ ದಪ್ಪಾಗುತ್ತದೆ. ಸವಡಿಯಲ್ಲಿ ಅದು ನರಗುಂದದಲ್ಲಿ ಗುಟ್ಟಾಗಿ ಸುರಗಿ ಎಂದಿತ್ತು. ರೋಣ ಮುಟ್ಟುವಷ್ಟರಲ್ಲಿ ವರ ಹುಟ್ಟಿದ್ದ. ಒಬ್ಬರು ಅವನು ಅಣ್ಣಿಗೇರಿಯ ಕಂಪೌಂಡರ್ ಎಂದರು, ಒಬ್ಬರು ಕಾಲುವೆ ನೀರು ಬಿಡುವವ ಎಂದರು, ಮೂರನೆಯವರು ಅವನಿಗೆ ಇದು ಎರಡನೇ ಸಂಬಂಧ ಎಂದು ಕೂಡಿಸಿದರು. ದಾರಿಯಲ್ಲಿ ಯಾರೋ ಒಬ್ಬರು, ಹುಡುಗಿಗೆ ಇನ್ನೂ ಹದಿನೆಂಟು ಆಗಿಲ್ಲ ಎಂಬ ಲೆಕ್ಕ ಬಲ್ಲವರು, ಮಕ್ಕಳ ಸಹಾಯವಾಣಿಯ ನಂಬರ್ ಒತ್ತಿದರು. ಇಡೀ ಸರಪಳಿಯಲ್ಲಿ ಸರಿಯಾಗಿ ಲೆಕ್ಕ ಮಾಡಿದವರು ಅವರೊಬ್ಬರೇ.

ರವಿವಾರ ಮುಂಜಾನೆ ಹತ್ತರ ಸುಮಾರಿಗೆ ಪ್ರಾಣೇಶನ ಪಡಸಾಲೆಯಲ್ಲಿ ಇಂಗಾಲ ಸಿದ್ಧವಾಯಿತು. ಪ್ರಣೀತಾ ತಲೆಗೆ ಎರೆದುಕೊಂಡು, ಕೂದಲಿಗೆ ಟವೆಲ್ ಸುತ್ತಿ, ಹಳದಿ ಚೂಡಿದಾರ ಹಾಕಿಕೊಂಡು ಮಣೆಯ ಮೇಲೆ ಕೂತಿದ್ದಳು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ. ಬಂಧವೆಂದರೆ ನಡುವಿನಿಂದ ತಂಬಿಗೆಗೆ ಹೋಗುವ ದಾರ. ಆ ಪ್ರಕಾರ ಪ್ರಾಣೇಶ ಅವಳ ಎರಡು ಕೈಗೆ ಎರಡು, ಎರಡು ಕಾಲಿನ ಹೆಬ್ಬೆರಳಿಗೆ ಎರಡು ದಾರ ಕಟ್ಟಿದ್ದ. ಆದರೆ ಅವನ ಕೈಗೆ ಗೊತ್ತಿದ್ದುದು ಸುರಗಿ ಮಾತ್ರ. ತಡೆಯಲಾರದೆ ಹೊರಗಿನಿಂದಲೂ ಐದು ಸುತ್ತು ಸುತ್ತಿಬಿಟ್ಟ.

"ಈಗ ಹೇಳು. ನಾನು ಇಂಗಾಲ," ಎಂದ.

"ನಾನು," ಎಂದಳು ಪ್ರಣೀತಾ. ಇಂಗಾಲ ಹೊರಗೆ ಬರಲಿಲ್ಲ.

ಆಗಲೇ ಗ್ಯಾಸ್ ಸಿಲಿಂಡರ್ ಬಂತು. ತಂದವನು ಕನಕರಾಜ, ಓಣಿಗೆಲ್ಲ ಸಿಲಿಂಡರ್ ಹಾಕುವವನು. ಅಡಿಗೆಮನೆಗೆ ಹೋಗುವ ದಾರಿ ಪಡಸಾಲೆಯ ಮೇಲೇ. ಅವನು ಹೆಗಲ ಮೇಲೆ ತುಂಬಿದ ಸಿಲಿಂಡರ್ ಹೊತ್ತು ಒಂದು ಕಾಲು ನೂಲಿನ ಒಳಗೆ ಇಟ್ಟದ್ದೇ ತಡ, ಬಂಧ ಹರಿದಾವು, ಅಲ್ಲೇ ನಿಲ್ಲು ಎಂದು ಪ್ರಾಣೇಶ ಕೂಗಿದ. ಕನಕರಾಜ ಇನ್ನೊಂದು ಕಾಲನ್ನೂ ಒಳಗೆ ತೊಗೊಂಡು, ಹುಡುಗಿಯ ಬದಿಗೆ, ನಾಲ್ಕು ತಂಬಿಗೆಯ ನಡುವೆ ಅಲುಗಾಡದೆ ನಿಂತ.

ಬಾಗಿಲಲ್ಲಿ ಮಕ್ಕಳ ಇಲಾಖೆಯ ಮಹೇಶ್ವರಿ ಮೇಡಂ, ಅವರ ಹಿಂದೆ ಹವಾಲ್ದಾರ ದ್ಯಾಮಪ್ಪ ಬಂದು ನಿಂತದ್ದು ಅದೇ ಗಳಿಗೆಗೆ. ಅವರ ಹಿಂದೆ ಓಣಿ. ಓಣಿಯ ಮುಂದೆ ಹುಚ್ಚವ್ವ.

"ವರ ಜಾಗಾದ ಮ್ಯಾಲೇ ಸಿಕ್ಕಾನ್ರಿ ಮೇಡಮ್ಮಾರ," ಎಂದ ದ್ಯಾಮಪ್ಪ, ಪುಸ್ತಕ ತೆರೆಯುತ್ತ.

ಕನಕರಾಜ ತನಗೆ ಹೆಂಡತಿ ಇದ್ದಾಳೆ, ಎರಡು ಮಕ್ಕಳಿವೆ ಎಂದು ಸಿಲಿಂಡರಿನ ಕೆಳಗಿನಿಂದ ಹೇಳಿಕೊಂಡ. ಎರಡನೇ ಸಂಬಂಧವೆಂದು ಸಹಾಯವಾಣಿಗೆ ಬಂದ ಸುದ್ದಿಗೂ ಇದಕ್ಕೂ ತಾಳೆಯಾಯಿತೆಂದು ದ್ಯಾಮಪ್ಪ ಬರೆದುಕೊಂಡ. ಪ್ರಾಣೇಶನ ಹೆಂಡತಿ ಪದ್ಮಶ್ರೀ ಅಡಿಗೆಮನೆಯಿಂದ ಬಂದು, ಪೊಲೀಸರನ್ನು ಕಂಡು, ಏನು ಮಾಡಬೇಕೆಂದು ತೋಚದೆ, ಬಿಸಿಲಲ್ಲಿ ಬಂದವರಿಗೆ ಏನು ಮಾಡುತ್ತಾರೋ ಅದನ್ನೇ ಮಾಡಲು ಹೊರಟಳು. ಕೈಗೆ ಸಮೀಪವಿದ್ದ ಒಂದು ತಂಬಿಗೆ ಎತ್ತಿಕೊಂಡು ಒಳಗೆ ಹೋಗಿ, ಗಾಬರಿಯಲ್ಲಿ ಅಚ್ಚುಬೆಲ್ಲವನ್ನು ಇಡಿಯಾಗಿ ಅದರಲ್ಲಿ ಕದಡತೊಡಗಿದಳು. ಇಂಗಾಲದ ಒಂದು ಬಂಧ ಹರಿದದ್ದನ್ನು ಪ್ರಾಣೇಶ ಸಂಕಟದಿಂದ ನೋಡಿದ.

ಹುಡುಗಿಯ ವಯಸ್ಸೆಷ್ಟು ಎಂದು ಮೇಡಂ ಕೇಳಿದರು. ಹನ್ನೊಂದು ದಿನ ಕಡಿಮೆ ಹದಿನೆಂಟು ಎಂದು ಪ್ರಾಣೇಶ ಹೇಳಿದ. ಸತ್ಯ ಹೇಳಿದರೆ ಎಲ್ಲ ಬಗೆಹರಿಯುತ್ತದೆ ಎಂದು ನಂಬಿದ ಮನುಷ್ಯ.

"ಮತ್ತ ಇದೇನ್ರಿ ಇದು?"

"ಮೇಡಂ, ಇಲ್ಲಿ ಲಗ್ನ ಇಲ್ಲ. ಇಕಿ ಇಂಗಾಲ. ಈ ನಾಲ್ಕು ತಂಬಿಗಿ, ಅಂದ್ರ ಈಗ ಮೂರು, ಹೈಡ್ರೋಜನ್. ಇಕಿ ನಾಲ್ಕೂ ಮಂದಿ ಜೋಡಿ ಸಂಬಂಧ ಮಾಡ್ಕೊಳ್ತಾಳ."

"ನಾಲ್ಕೂ ಮಂದಿ," ಎಂದು ದ್ಯಾಮಪ್ಪ ಬರೆಯುವುದನ್ನು ನಿಲ್ಲಿಸಿ ಮೇಲೆ ನೋಡಿದ. ಬಾಗಿಲಲ್ಲಿದ್ದ ಓಣಿ ಒಂದು ಹೆಜ್ಜೆ ಒಳಗೆ ಬಂತು.

ಇದು ಜೀವರಸಾಯನ, ನಾಳೆ ಕಾಲೇಜಿನಲ್ಲಿ ಸೆಮಿನಾರು ಎಂದು ಪ್ರಾಣೇಶ ನೋಟ್ಸಿನ ಹಾಳೆ ಹಿಡಿದು ಮೇಲಿನ ಎರಡು ಸಾಲು ಹೇಳಿದ, ಕೆಳಗಿನ ಒಂದು ಸಾಲು ಹೇಳಿದ. ಮೇಡಂ ತಾಳ್ಮೆಯಿಂದ ಕೇಳಿದರು. ಆಮೇಲೆ, ನಡುವೆ ಏನದ ಹೇಳ್ರಿ ಎಂದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಒಬ್ಬರು ನಡುವಿನದನ್ನು ಕೇಳಿದ್ದರು. ಪ್ರಾಣೇಶ ಹಾಳೆಯನ್ನು ತಿರುವಿ ಹಿಂದೆ ನೋಡಿದ. ಹಿಂದೆ ಖಾಲಿ ಇತ್ತು.

"ನಾನೂ ಪಿಯುಸಿ ಸೈನ್ಸ್ ಓದೇನ್ರಿ," ಎಂದರು ಮಹೇಶ್ವರಿ ಮೇಡಂ. "ಭಾಳ ಮರ್ತದ, ಆದ್ರ ಒಂದು ನೆನಪದ. ಇಂಗಾಲ ಹಿಂಗ ಚಪ್ಪಟಿ ಇರೂದಿಲ್ಲ. ನಿಮ್ಮದು ಕೆಮಿಸ್ಟ್ರಿ ಆಗಿದ್ರ ನಾಲ್ಕೂ ತಂಬಿಗಿ ನೆಲದ ಮ್ಯಾಲೆ ಇರ್ತಿರಲಿಲ್ಲ. ನೆಲದ ಮ್ಯಾಲೆ ಅವ ಅಂದ್ರ ಇದು ಸುರಗಿನ."

ಪ್ರಾಣೇಶ ಹಾಳೆಯ ಚಿತ್ರವನ್ನು ಮತ್ತೊಮ್ಮೆ ನೋಡಿದ. ಝೆರಾಕ್ಸಿನಲ್ಲಿ ಎಲ್ಲವೂ ಚಪ್ಪಟೆಯೇ ಇರುತ್ತದೆ. ಮನುಷ್ಯರ ಮುಖ, ಹೊಲದ ನಕಾಶೆ, ಗುಡ್ಡದ ಮೇಲಿನ ಕೋಟೆ, ಎಲ್ಲವನ್ನೂ ಅವನು ಚಪ್ಪಟೆಯಾಗಿಯೇ ಬಲ್ಲ. ಇಂಗಾಲವೊಂದು ಬೇರೆ ಥರ ಇದ್ದೀತೆಂದು ಅವನಿಗೆ ಯಾರು ಹೇಳಬೇಕು? ಹೇಳಬೇಕಾದವಳು ನಿನ್ನೆ ಬಾಯಿ ತೆರೆದು ಮುಚ್ಚಿದ್ದಳು.

ಅಷ್ಟರಲ್ಲಿ ಓಣಿ ಸರಿದು ದಾರಿ ಬಿಟ್ಟಿತು. ರೋಣದ ಬಸ್ಸಿನಿಂದ ಇಳಿದ ಕಾಶಿಬಾಯಿ, ದತ್ತಾತ್ರೇಯ ಮಾಸ್ತರರು ಒಳಗೆ ಬಂದರು. ಕಾಶಿಬಾಯಿಯ ಒಂದು ಕೈಯಲ್ಲಿ ಕಣ್ಣೊರೆಸುವ ಸೆರಗು. ಇನ್ನೊಂದು ಕೈಯಲ್ಲಿ, ಒಂದು ವೇಳೆ ಖರೇ ಲಗ್ನವೇ ಇದ್ದರೆ ಬೇಕಾದೀತೆಂದು, ಖಣ ತೆಂಗಿನಕಾಯಿಯ ಚೀಲ.

"ಒಂದ ಹೊಟ್ಯಾಗ ಹುಟ್ಟಿದ್ವಲ್ಲೋ ಪ್ರಾಣ್ಯಾ," ಎಂದಳು. "ನನ್ನ ಮಗಳ ಸುರಗಿ, ನನಗ ಹಾಲಿನಾಕಿ ಕಡಿಂದ ಗೊತ್ತಾಗಬೇಕಾ?"

ಮಾಸ್ತರರು ಸಿಲಿಂಡರ್ ಹೊತ್ತ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. ಗಜೇಂದ್ರಗಡದವರ ಮಾತು ತಮ್ಮ ಮುಂದೆ ಇರುವಾಗ ಈ ಹುಡುಗನನ್ನು ಎಲ್ಲಿಂದ ತಂದೆ ಎಂದು ಪ್ರಾಣೇಶನನ್ನು ಕೇಳಿದರು. ದ್ಯಾಮಪ್ಪ ಹೊಸ ಹಾಳೆ ತೆಗೆದ. ಗಜೇಂದ್ರಗಡದವರು ಯಾರು, ಏನು ಮಾತು ಎಂದು ಮಹೇಶ್ವರಿ ಮೇಡಂ ಮಾಸ್ತರರ ಕಡೆ ತಿರುಗಿದರು. ಐವತ್ತು ಹುಡುಗರನ್ನು ಒಂದೇ ನೋಟಕ್ಕೆ ಕೂಡಿಸುವ ಮಾಸ್ತರರಿಗೆ ಈಗ ತಾವೇ ಎದ್ದು ನಿಂತು ಉತ್ತರ ಹೇಳಬೇಕಾಯಿತು. ಅದು ಬರೇ ಮಾತುಕತೆ ಎಂದರು.

"ಮಾತುಕತಿನೂ ಹದಿನೆಂಟು ತುಂಬಿದ ಮ್ಯಾಲೇ ಮಾಡ್ರಿ ಸರ್. ಅದೂ ಆಕಿನ್ನ ಕೇಳಿ," ಎಂದರು ಮೇಡಂ. ಆಮೇಲೆ ಎಲ್ಲರಿಗೂ ಕೇಳುವಂತೆ ತೀರ್ಮಾನ ಹೇಳಿದರು. ಇಲ್ಲಿ ಒಂದಲ್ಲ ಎರಡು ಲಗ್ನದ ವಾಸನೆ ಬರುತ್ತಿದೆ. ಹುಡುಗಿಯನ್ನು ನಾಳೆ ಸೋಮವಾರ ಮುಂಜಾನೆ ಗದಗಿನಲ್ಲಿ ಮಕ್ಕಳ ಸಮಿತಿಯ ಮುಂದೆ ಹಾಜರು ಮಾಡಬೇಕಾಗುತ್ತದೆ.

"ಸೋಮವಾರ ಆಗೂದಿಲ್ರಿ."

ಯಾರು ಮಾತಾಡಿದರೆಂದು ಎಲ್ಲರೂ ಸುತ್ತಮುತ್ತ ನೋಡಿದರು. ಕಾಶಿಬಾಯಿ ಹಿಂದೆ ತಿರುಗಿ ಓಣಿಯನ್ನು ನೋಡಿದಳು. ಹೆತ್ತ ತಾಯಿಗೂ ಆ ದನಿಯ ಗುರುತು ಹತ್ತಲಿಲ್ಲ. ಮಣೆಯ ಮೇಲಿಂದ ಪ್ರಣೀತಾ ಎದ್ದು ನಿಂತಿದ್ದಳು. ಕೈಕಾಲಿನ ದಾರ ಪಟಪಟನೆ ಹರಿದವು.

"ಸೋಮವಾರ ನಂದು ಸೆಮಿನಾರ್ ಅದರಿ. ಇದು ಸುರಗಿ ಅಲ್ಲ. ಇಂಗಾಲನ. ಆದ್ರ ಮಾಮಾ ತಪ್ಪು ಕಟ್ಯಾನ."

ಪ್ರಾಣೇಶನಿಗೆ ತಪ್ಪು ಎಂದು ಊರಲ್ಲಿ ಇಲ್ಲಿಯ ತನಕ ಒಬ್ಬರೂ ಹೇಳಿರಲಿಲ್ಲ. ಅವನು ಬೇಜಾರಾಗಬೇಕೆಂದು ನೋಡಿದ. ಹುಡುಗಿಯ ಬಾಯಲ್ಲಿ ಮಾತು ಬಂದದ್ದರ ಸಂತೋಷದಲ್ಲಿ ಅದು ಆಗಲಿಲ್ಲ.

ಹಾಗಾದರೆ ಸರಿಯಾಗಿ ಕಟ್ಟಿ ತೋರಿಸು ಎಂದರು ಮೇಡಂ. ಪದ್ಮಶ್ರೀ ಅದೇ ಹೊತ್ತಿಗೆ ಬೆಲ್ಲದ ನೀರಿನ ತಂಬಿಗೆ ತಂದು ದ್ಯಾಮಪ್ಪನ ಕೈಗೆ ಕೊಟ್ಟಿದ್ದಳು. ಅವನು ಒಂದು ಗುಟುಕು ಕುಡಿದು, ಸಿಹಿಗೆ ಎರಡೂ ಕಣ್ಣು ಮುಚ್ಚಿಕೊಂಡಿದ್ದ. ಪ್ರಣೀತಾ ಅವನ ಕೈಯಿಂದ ತಂಬಿಗೆ ಇಸಿದುಕೊಂಡಳು.

"ಇದು ಎಸ್ ಕಕ್ಷಕ ಅಂತ ತಿಳೀರಿ. ಒಂದೇ ಒಂದು, ಪೂರಾ ಬೆಲ್ಲ. ಈ ಮೂರು ತಂಬಿಗಿ ಪಿ. ಮೂರೂ ಬರೇ ನೀರು. ಹಿಂಗ ಇದ್ರ ಒಂದರ ರುಚಿ ಒಂದು, ಉಳಿದ ಮೂರರ ರುಚಿ ಇನ್ನೊಂದು. ನಾಲ್ಕು ಮಂದಿ ಹೈಡ್ರೋಜನ್ ಬಂದ್ರ ಒಬ್ಬಗ ಪಾನಕ, ಮೂರು ಮಂದಿಗೆ ಸಪ್ಪನ ನೀರು ಕೊಡಬೇಕಾಗ್ತದ. ಇಂಗಾಲ ಹಂಗ ಭೇದ ಮಾಡೂದಿಲ್ಲ."

ಅವಳು ಮೂಲೆಯ ಖಾಲಿ ಕೊಡವನ್ನು ಎಳೆದು, ಬೆಲ್ಲದ ತಂಬಿಗೆ ಸುರಿದಳು, ಮೂರು ನೀರಿನ ತಂಬಿಗೆ ಸುರಿದಳು, ಕೈಯಿಂದ ಕದಡಿ, ಮತ್ತೆ ನಾಲ್ಕು ತಂಬಿಗೆಗೆ ತುಂಬಿದಳು. "ಈಗ ಎಸ್ಸೂ ಇಲ್ಲ, ಪಿಯೂ ಇಲ್ಲ. ನಾಲ್ಕೂ ಒಂದೇ. ಒಂದೊಂದರಾಗೂ ಒಂದು ಪಾಲು ಎಸ್, ಮೂರು ಪಾಲು ಪಿ. ಇದಕ್ಕ ಸಂಕರಣ ಅಂತಾರ. ಕುಡದು ನೋಡ್ರಿ."

ಕುಡಿದು ನೋಡಿದರು. ಮೇಡಂ ಒಂದರಿಂದ, ಮಾಸ್ತರರು ಒಂದರಿಂದ, ದ್ಯಾಮಪ್ಪ ಕರ್ತವ್ಯದ ದೃಷ್ಟಿಯಿಂದ ನಾಲ್ಕರಿಂದಲೂ. ಸಿಹಿ ಹದವಾಗಿತ್ತು. ತಂಬಿಗೆ ನಮ್ಮವು ಎಂಬ ಹಕ್ಕಿನಿಂದ ಹುಚ್ಚವ್ವನೂ ಬಂದು ಕುಡಿದು, ಲಗ್ನದ ಪಾನಕಕ್ಕಿಂತ ಚಲೋ ಐತಿ ಎಂದಳು.

"ಸರಿ," ಎಂದರು ಮೇಡಂ. "ಆದ್ರ ಇನ್ನೂ ನೆಲದ ಮ್ಯಾಲೇ ಅವಲ್ಲ?"

"ಈಗ ನಾಲ್ಕೂ ಒಂದೇ ಸಮ ಆದ್ವಲ್ರಿ, ಇನ್ನ ಒಬ್ಬರ ಮಾರಿ ಒಬ್ಬರಿಗೆ ಆಗೂದಿಲ್ಲ," ಎಂದಳು ಪ್ರಣೀತಾ. "ನಮ್ಮ ಓಣಿ ನೀರಿನ ಡ್ರಮ್ಮ ಇದ್ದಂಗ. ಯಾರ ಡ್ರಮ್ಮಿಗೂ ಯಾರದೂ ತಾಗಬಾರದು, ಎಷ್ಟು ದೂರ ಆಗ್ತದೋ ಅಷ್ಟು ದೂರ. ನೆಲದ ಮ್ಯಾಲೇ ಕೂತ್ರ ನಡುವ ತೊಂಬತ್ತು ಡಿಗ್ರಿ ಅಷ್ಟ. ಒಬ್ಬ ಮ್ಯಾಲೆ ಏರಿದ್ನಂದ್ರ ಎಲ್ಲಾರಿಗೂ ಜಾಗಾ ಹೆಚ್ಚಾಗ್ತದ."

ಡ್ರಮ್ಮಿನ ಮಾತಿಗೆ ಓಣಿಯ ಹೆಂಗಸರೆಲ್ಲ ತಲೆಯಾಡಿಸಿದರು. ರಸಾಯನ ಇಷ್ಟು ಸರಳ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೇಲೆ ತೂಗುಹಾಕಲಿಕ್ಕೆ ಪಡಸಾಲೆಯ ತೊಲೆಯಲ್ಲಿ ಒಂದು ಕೊಂಡಿ ಇತ್ತು. ಕನಕರಾಜ ಕೊನೆಗೂ ಸಿಲಿಂಡರ್ ಕೆಳಗಿಟ್ಟು, ಉಳಿದ ನೂಲನ್ನು ನಾಲ್ಕೆಳೆ ಹುರಿಮಾಡಿ, ಒಂದು ತಂಬಿಗೆಯನ್ನು ಅದಕ್ಕೆ ಕಟ್ಟಿ ತೂಗುಬಿಟ್ಟ. ಉಳಿದ ಮೂರು ಕೆಳಗೆ, ಮೂರು ಕಡೆಗೆ. ನಡುವೆ ಸ್ಟೂಲಿನ ಮೇಲೆ ಪ್ರಣೀತಾ, ನೆತ್ತಿಯ ಮೇಲೆ ತಂಬಿಗೆ.

"ಈಗ ಯಾವ ಎರಡರ ನಡುವ ನೋಡಿದ್ರೂ," ಎಂದು ಅವಳು ಹೇಳುವಷ್ಟರಲ್ಲಿ ಮಹೇಶ್ವರಿ ಮೇಡಂ ಖುರ್ಚಿಯಿಂದ ಎದ್ದರು.

"ನೂರಾ ಒಂಬತ್ತೂವರಿ ಡಿಗ್ರಿ," ಎಂದರು. "ಹೌದು, ಇದ. ಇದ ನನಗ ನೆನಪಿರೂದು."

ಅಲ್ಲಿಗೆ ಎಲ್ಲರ ತಲೆಯೊಳಗಿನ ಲಗ್ನ ಮುರಿಯಿತು. ಒಬ್ಬಳನ್ನು ಬಿಟ್ಟು. ಹುಚ್ಚವ್ವ ತೊಲೆಯ ಕೊಂಡಿಯನ್ನೂ ಅದರಲ್ಲಿ ತೂಗುವ ತಂಬಿಗೆಯನ್ನೂ ನೋಡಿ ಪದ್ಮಶ್ರೀಯ ಕಿವಿಯ ಹತ್ತಿರ ಬಂದಳು. "ತೊಟ್ಟಲಾ ಕಟ್ಟೂ ಕೊಂಡಿ ಅಲ್ರಿ ಅದು? ಇಷ್ಟ ಲಗೂನ?"

ಪ್ರಣೀತಾ ಈಗ ಮಾತು ನಿಲ್ಲಿಸುವ ಹಾಗೆ ಕಾಣಲಿಲ್ಲ. ಹದಿನೇಳು ವರ್ಷ ಹನ್ನೊಂದು ತಿಂಗಳದ್ದು ಬಾಕಿ ಇತ್ತು. ಎರಡು ಇಂಗಾಲ ಎರಡೆರಡು ಕೈ ಹಿಡಿದರೆ ಹೇಗೆ ತಿರುಗಲಾರದೆ ಗಟ್ಟಿಯಾಗುತ್ತವೆ ಎಂದು ಹೇಳಿದಳು. ನಮ್ಮ ಮೈ, ಅನ್ನ, ಎಣ್ಣೆ, ಈ ಬೆಲ್ಲ, ಎಲ್ಲವೂ ಇದೇ ನಾಲ್ಕು ಕೈಯಿಂದ ಕಟ್ಟಿದ್ದು ಎಂದಳು. ಕನಕರಾಜ ತನ್ನ ಸಿಲಿಂಡರಿನ ಒಳಗೂ ಇದೇ ಇರುತ್ತದೇನು ಎಂದು ಸಂಕೋಚದಿಂದ ಕೇಳಿದ. ಅದರಲ್ಲಿ ಮೂರು, ನಾಲ್ಕು ಇಂಗಾಲಗಳು ಸಾಲಾಗಿ ಕೈಕೈ ಹಿಡಿದಿರುತ್ತವೆ ಎಂದು ಅವಳು ಹೇಳಿದ ಮೇಲೆ, ಅವನು ಸಿಲಿಂಡರನ್ನು ಉರುಳಿಸದೆ ಎರಡೂ ಕೈಯಿಂದ ಎತ್ತಿ ಒಳಗೆ ಒಯ್ದ.

ಅಷ್ಟರಲ್ಲಿ ದತ್ತಾತ್ರೇಯ ಮಾಸ್ತರರ ಫೋನು ಗಣಗಣಿಸಿತು. ಗಜೇಂದ್ರಗಡ. ಸುದ್ದಿ ಅಲ್ಲಿಗೂ ಮುಟ್ಟಿತ್ತು, ಕಡೆಯ ಪ್ರತಿಯಾದ್ದರಿಂದ ಅಕ್ಷರ ಭಾಳ ದಪ್ಪಾಗಿ. ನಿಮ್ಮ ಹುಡುಗಿಯದು ಎರಡು ಮಕ್ಕಳ ಸಿಲಿಂಡರಿನವನ ಜೋಡಿ ಪೊಲೀಸರ ಎದುರಿಗೇ ಲಗ್ನ ಆಯಿತಂತಲ್ಲ, ನಾವು ಬೇರೆ ಕಡೆ ನೋಡುತ್ತೇವೆ ಎಂದು ಆ ಕಡೆಯ ದನಿ ಸಿಟ್ಟಿನಿಂದ ಹೇಳುವುದು ಪಡಸಾಲೆಗೆಲ್ಲ ಕೇಳಿತು.

ಒಂದು ಮಾತು ಹೇಳಿದ್ದರೆ ಎಲ್ಲ ತಿಳಿಯಾಗುತ್ತಿತ್ತು. ಸುಳ್ಳು ಸುದ್ದಿ, ಬನ್ನಿ, ಕೂತು ಮಾತಾಡೋಣ ಅಂದರೆ ಸಾಕಿತ್ತು. ಪ್ರಾಣೇಶ ಭಾವನ ಮುಖ ನೋಡಿದ. ಸ್ಟೂಲಿನ ಮೇಲೆ ನಿಂತ ಪ್ರಣೀತಾಳ ಮಾತೂ ನಿಂತಿತು. ಮಾಸ್ತರರು ಮಗಳ ಕಡೆ ನೋಡಿದರು, ಸ್ಟೂಲಿನ ಬದಿಯ ಒಂದು ತಂಬಿಗೆ ಎತ್ತಿಕೊಂಡರು, ಉಳಿದ ಒಂದು ಗುಟುಕು ಕುಡಿದರು.

"ನಮ್ಮ ಹುಡುಗಿ ನಾಳೆ ಕಾಲೇಜಿಗೆ ಹೋಗೂದದರಿ," ಎಂದರು ಫೋನಿಗೆ. "ಉಳಿದದ್ದು ನೀವು ಏನು ತಿಳ್ಕೊಂಡೀರಿ, ಹಂಗ ತಿಳ್ಕೊಳ್ರಿ."

ಫೋನು ಜೇಬಿಗಿಟ್ಟು, ಕನ್ನಡ ಮಾಸ್ತರರ ಗತ್ತಿನಲ್ಲಿ ಮಗಳಿಗೆ, ನಿಂತೆ ಯಾಕ, ಮುಂದ ಹೇಳು ಎಂದರು. ಕಾಶಿಬಾಯಿ ಚೀಲದಿಂದ ಖಣ ತೆಂಗಿನಕಾಯಿ ತೆಗೆದು, ತಂದದ್ದು ತಿರುಗಿ ಒಯ್ಯಬಾರದೆಂದು ಮಹೇಶ್ವರಿ ಮೇಡಂ ಅವರ ಉಡಿ ತುಂಬಿದಳು. ಸರ್ಕಾರಿ ಕೆಲಸದ ಮೇಲೆ ಬಂದವರು ಹೀಗೆಲ್ಲ ತೊಗೋಬಾರದು ಎಂದು ಮೇಡಂ ಖಣ ತಿರುಗಿ ಕೊಟ್ಟು, ತೆಂಗಿನಕಾಯಿಯನ್ನು ಅಲ್ಲೇ ಒಡೆದು ಎಲ್ಲರಿಗೂ ಹಂಚಿಸಿದರು. ಗದಗಿನ ಹಾಜರಿಯ ಮಾತು ಕೈಬಿಟ್ಟು, ಪ್ರಣೀತಾಳಿಗೆ ತಮ್ಮ ನಂಬರ್ ಬರೆದುಕೊಟ್ಟರು, ಇನ್ನು ಯಾರೇ ಮಾತುಕತೆ ತಂದರೂ ಮೊದಲು ತಮಗೆ ತಿಳಿಸಬೇಕೆಂದು.

ದ್ಯಾಮಪ್ಪನ ಪಂಚನಾಮೆಗೆ ಮೂರು ಪ್ರತಿ ಬೇಕಾಗಿದ್ದವು. ರವಿವಾರವಾದರೂ ಪ್ರಾಣೇಶ ಅಂಗಡಿ ತೆರೆದು ಮಶೀನು ಚಾಲೂ ಮಾಡಿದ. ಬಿಸಿ ಹಾಳೆ ಕೈಗೆ ಬಂದಾಗ ಮೇಲಿನ ಎರಡು ಸಾಲು ಓದಿದ, ಕೆಳಗಿನ ಸಾಲು ಓದಿದ. ಆಮೇಲೆ ಏನನಿಸಿತೋ, ನಡುವಿನದನ್ನೂ ಓದಿದ. ಅಲ್ಲಿ ಹೀಗಿತ್ತು: 'ಸ್ಥಳದಲ್ಲಿ ಲಗ್ನ ಕಂಡುಬಂದಿರುವುದಿಲ್ಲ. ಕಂಡುಬಂದದ್ದು ಇಂಗಾಲ ಇರುತ್ತದೆ. ಪಂಚರ ಸಮಕ್ಷಮ ಕುಡಿದು ನೋಡಲಾಗಿ ನಾಲ್ಕೂ ತಂಬಿಗೆಗಳು ಸಮನಾಗಿ ಸಿಹಿ ಇರುತ್ತವೆ. ವರನೆಂದು ತಿಳಿದ ಇಸಮನು ಸಿಲಿಂಡರ್ ಇಳಿಸಿ ಹೋಗಿರುತ್ತಾನೆ.' ಹಾಳೆಯ ನಡುವೆ ಇಷ್ಟೆಲ್ಲ ಇರುತ್ತದೆ ಎಂದು ಪ್ರಾಣೇಶನಿಗೆ ಅವತ್ತೇ ಗೊತ್ತಾದದ್ದು.

ಸೋಮವಾರದ ಸೆಮಿನಾರು ಹದಿನೈದು ನಿಮಿಷದ್ದು ನಲವತ್ತು ನಿಮಿಷವಾಯಿತು. ಕಾಲೇಜಿನ ಮೇಡಂ ಎರಡು ಸಲ ಗಡಿಯಾರ ನೋಡಿ, ಮೂರನೇ ಸಲ ತಂಬಿಗೆ ತೊಗೊಂಡು ಕುಡಿದರಂತೆ. ಸಂಜೆ ಪ್ರಾಣೇಶ ತೊಳೆದ ನಾಲ್ಕು ತಂಬಿಗೆ ತಿರುಗಿ ಕೊಡಲು ಹುಚ್ಚವ್ವನ ಮನೆಗೆ ಹೋದ. ಜೋಡಿಗೆ ಪ್ರಣೀತಾಳೂ ಇದ್ದಳು.

"ಮತ್ತ ಯಾವಾಗ ಬೇಕಾಕ್ಕಾವ?" ಎಂದು ಹುಚ್ಚವ್ವ ಮಾತಿಗೆ ಕೇಳಿದಳು.

"ಮುಂದಿನ ತಿಂಗಳರಿ," ಎಂದಳು ಪ್ರಣೀತಾ. ಮುಂದಿನ ಸೆಮಿನಾರು ಸಕ್ಕರೆಯ ಮೇಲೆ ಬಂದಿತ್ತು, ಅದರ ಒಂದು ಅಣುವಿನಲ್ಲಿ ಹನ್ನೆರಡು ಇಂಗಾಲ, ಇಪ್ಪತ್ತೆರಡು ಹೈಡ್ರೋಜನ್. "ಈ ಸಲ ಇಪ್ಪತ್ತೆರಡು ತಂಬಿಗಿ ಬೇಕಾಗ್ತಾವ. ನಡುವ ಹನ್ನೆರಡು ಹುಡುಗ್ಯಾರು ಕೂಡ್ರತೇವಿ."

ಹುಚ್ಚವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. ಹನ್ನೆರಡು ಹುಡುಗಿಯರು, ಇಪ್ಪತ್ತೆರಡು ತಂಬಿಗೆ. ಆಕೆಯ ಕಣ್ಣು ಮೆಲ್ಲಗೆ ಅಗಲವಾದವು.

"ಹಂಗಾರ ಸಾಮೂಹಿಕ ಅನ್ರಿ," ಎಂದಳು.

ಪ್ರಾಣೇಶ ಈ ಸಲ ಎಲ್ಲವನ್ನೂ ಬಿಡಿಸಿ ಹೇಳಬೇಕೆಂದೇ ಬಾಯಿ ತೆರೆದ. ಆದರೆ ಹನ್ನೆರಡು ಹುಡುಗಿಯರ ಯುಕ್ತಿ, ಕಾಲೇಜಿನ ಹುಡುಗರು ಹೊಡೆದುಕೊಂಡರೆ ಎಂಬ ಭಯ ಅಡ್ಡ ಬಂತು.

"ಯಾರ ಮುಂದೂ ಹೇಳಬ್ಯಾಡ್ರಿ," ಎಂದ.

"ನಾ ಯಾಕ ಹೇಳ್ಲಿರಿ," ಎನ್ನುತ್ತ ಹುಚ್ಚವ್ವ ಸೆರಗಿನ ಗಂಟಿನಿಂದ ಫೋನು ತೆಗೆದಳು.